24 ಇದ್ದದ್ದು 26 ಆಗಿದೆ. ಖುಷಿಪಡಬೇಕಾ, ಬೇಡ್ವಾ?

ಕೆಂಪು ಸೈಕಲ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಗನಿಗೆ ಆರೂವರೆ ವರ್ಷ. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಅಂದರೆ ಸ್ನಾಯು ಸವೆಯುತ್ತಾ ಹೋಗುವ ಕಾಯಿಲೆ, ಅಂತ ಗೊತ್ತಾಗಿ ಒಂದೂವರೆ ವರ್ಷ ಆಯಿತು. ಸ್ಟೀರಾಯ್ಡ್ ಶುರು ಮಾಡಿ ಎಂಟು ತಿಂಗಳು.

ಆರು ತಿಂಗಳಿಗೊಮ್ಮೆ ನಾರ್ತ್ ಸ್ಟಾರ್ ಅಂತ ಒಂದು ಟೆಸ್ಟ್ ಮಾಡುತ್ತಾರೆ. ಹಿಂದಿನ ಸಲ ನಾನು ಹೊರಗೆ ಕೂತಿದ್ದೆ. ಈ ಸಲ ಒಳಗೆ ಬಿಟ್ಟರು. ಅವನನ್ನು ನೆಲದ ಮೇಲೆ ಅಂಗಾತ ಮಲಗಿಸಿ "ಎದ್ದು ನಿಲ್ಲು ನೋಡೋಣ" ಅಂದರು. ಅವನು ಬೋರಲಾಗಿ ಹೊರಳಿದ ಕೂಡಲೇ ನನ್ನ ಕೈ ತಾನಾಗಿ ಮುಂದೆ ಹೋಯಿತು. "ಅಮ್ಮಾ, ಹಿಡೀಬೇಡಿ" ಅಂದರು ಫಿಸಿಯೋ. ಎರಡೂ ಕೈಯನ್ನು ತೊಡೆ ಕೆಳಗೆ ಇಟ್ಟುಕೊಂಡು ಕೂತೆ. ಐದು ಸೆಕೆಂಡ್ ಅಷ್ಟೇ. ಆದರೆ ಅವನು ಮಧ್ಯದಲ್ಲಿ ಒಂದು ಸಲ ನನ್ನ ಮುಖ ನೋಡಿದ. ಅದು ಇನ್ನೂ ಕಣ್ಣಿಂದ ಹೋಗಿಲ್ಲ.

ಕೊನೆಗೆ ಒಂದು ಹಾಳೆ ಕೊಟ್ಟರು. 17 ಸಾಲು, ಕೆಳಗೆ 26/34. ಹಿಂದಿನ ಸಲ 24 ಇತ್ತು. "ಚೆನ್ನಾಗಿದೆ, ಮುಂದುವರಿಸಿ" ಅಂದು ಮುಂದಿನ ಮಗುವನ್ನು ಕರೆದರು. ಕೇಳಬೇಕು ಅಂದುಕೊಂಡದ್ದೆಲ್ಲ ಬಾಯಲ್ಲೇ ಉಳಿಯಿತು. ಇಲ್ಲಿ ಕೇಳುತ್ತಿದ್ದೇನೆ.

ಇದು ಕಡಿಮೆಯಾಗುತ್ತಾ ಹೋಗುವ ಕಾಯಿಲೆ ಅಂದಿದ್ದರು. ಮತ್ತೆ ಸ್ಕೋರ್ ಮೇಲೆ ಹೋಗಿದ್ದು ಹೇಗೆ? ಅದೇ ದಿನ ಆರು ನಿಮಿಷದ ನಡಿಗೆಯನ್ನೂ ಮಾಡಿಸಿದರು. ಅದು 372 ಮೀಟರ್ ಇದ್ದದ್ದು 361 ಆಗಿದೆ. ಒಂದು ಏರಿದೆ, ಒಂದು ಇಳಿದಿದೆ. ಯಾವುದನ್ನು ನಂಬಲಿ?

ಇನ್ನೊಂದು. ಒಂಟಿ ಕಾಲಲ್ಲಿ ನಿಲ್ಲುವುದು, ಕುಪ್ಪಳಿಸುವುದು, ಮೆಟ್ಟಿಲು ಹತ್ತಿ ಇಳಿಯುವುದು, ಇದನ್ನೆಲ್ಲ ದಿನಾ ಮನೆಯಲ್ಲಿ ಅಭ್ಯಾಸ ಮಾಡಿಸಿದರೆ ಮುಂದಿನ ಸಲ 30 ಬರುತ್ತದಾ? ನಮ್ಮವರು ಈಗಾಗಲೇ ಒಂದು ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದಾರೆ.

ನೀಲಿ ಛತ್ರಿ:

ಈ ಕುಪ್ಪಳಿಸೋ ಟೆಸ್ಟೆಲ್ಲ ಯಾಕೆ ತಲೆಗೆ ಹಚ್ಚಿಕೊಳ್ಳುತ್ತೀರಿ ಮೇಡಂ. ಮಗುವಿನ ಮೂಡ್ ಮೇಲೆ ಹೋಗುತ್ತೆ ಅದು. ರಕ್ತದಲ್ಲಿ ಸಿಕೆ (ಕ್ರಿಯೇಟಿನ್ ಕೈನೇಸ್) ನೋಡಿ, ಅದು ಸುಳ್ಳು ಹೇಳಲ್ಲ. ನನ್ನ ಅಕ್ಕನ ಮಗನಿಗೆ ನಾಲ್ಕು ವರ್ಷದ ಹಿಂದೆ 16,000 ಇತ್ತು, ಈಗ 7,000. ಅರ್ಧಕ್ಕಿಂತ ಕಡಿಮೆ ಆಗಿದೆ. ನಡಿಗೆ ಸ್ವಲ್ಪ ನಿಧಾನ ಆಗಿದೆ, ಆದರೆ ಕಾಯಿಲೆ ಕಂಟ್ರೋಲಲ್ಲಿದೆ.

ಸ್ಟಾಪ್‌ವಾಚ್ ಅಕ್ಕ:

ನಾನು ಮಕ್ಕಳ ಫಿಸಿಯೋ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಸ್ಟಾಪ್‌ವಾಚನ್ನು ಕತ್ತಿಗೆ ನೇತುಹಾಕಿಕೊಂಡೇ ಓಡಾಡುತ್ತೇನೆ, ಹಾಗಾಗಿ ಮಕ್ಕಳು ಇಟ್ಟ ಹೆಸರು ಇದು.

ಮೊದಲು ನೀಲಿ ಛತ್ರಿ ಅವರಿಗೆ ಎರಡು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಸಿಕೆ ಅನ್ನೋದು ಸ್ನಾಯು ಹರಿದಾಗ ರಕ್ತಕ್ಕೆ ಸೋರುವ ವಸ್ತು. ಸೋರಬೇಕು ಅಂದರೆ ಒಳಗೆ ಸ್ನಾಯು ಇರಬೇಕು. ವರ್ಷ ಕಳೆದ ಹಾಗೆ ಸ್ನಾಯು ಕರಗಿ ಆ ಜಾಗಕ್ಕೆ ಕೊಬ್ಬು, ನಾರು ಬಂದು ಕೂರುತ್ತದೆ. ಮಗುವಿನ ಓಡಾಟವೂ ಕಮ್ಮಿಯಾಗುತ್ತದೆ. ಆಗ ಸಿಕೆ ತಾನಾಗಿ ಇಳಿಯುತ್ತದೆ. ಅದು ಕಾಯಿಲೆ ಪತ್ತೆ ಮಾಡಲಿಕ್ಕೆ ಒಳ್ಳೆಯದು. ಹುಡುಗ ಹೇಗಿದ್ದಾನೆ ಅಂತ ತಿಳಿಯಲು ಅವನು ಎದ್ದು, ನಡೆದು, ಹತ್ತಿ ಇಳಿಯುವುದನ್ನೇ ನೋಡಬೇಕು. ನಡಿಗೆ ನಿಧಾನ ಆಗಿದೆ ಅಂತ ನೀವೇ ಬರೆದಿದ್ದೀರಿ. ದಯವಿಟ್ಟು ಅದನ್ನು ಅವರ ಡಾಕ್ಟರಿಗೆ ಹೇಳಿ.

ಈಗ ಕೆಂಪು ಸೈಕಲ್ ಅವರ ಹಾಳೆ.

ನಾರ್ತ್ ಸ್ಟಾರ್ ಅನ್ನೋದು ಇನ್ನೂ ನಡೆಯುತ್ತಿರುವ ಡುಶೆನ್ ಮಕ್ಕಳಿಗೆಂದೇ ಬ್ರಿಟನ್ನಿನಲ್ಲಿ ಮಾಡಿದ ಅಳತೆ. 17 ಕೆಲಸ, ಒಂದೊಂದಕ್ಕೂ 0, 1 ಅಥವಾ 2. ನಿಲ್ಲುವುದು, ನಡೆಯುವುದು, ಕುರ್ಚಿಯಿಂದ ಏಳುವುದು, ಒಂಟಿ ಕಾಲು, ಸುಮಾರು 15 ಸೆಂಟಿಮೀಟರ್ ಎತ್ತರದ ಪೆಟ್ಟಿಗೆ ಹತ್ತಿ ಇಳಿಯುವುದು, ಮಲಗಿದಲ್ಲಿಂದ ತಲೆ ಎತ್ತುವುದು, ಹಿಮ್ಮಡಿಯ ಮೇಲೆ ನಿಲ್ಲುವುದು, ಜಿಗಿಯುವುದು, ಕುಂಟುವುದು (ಒಂಟಿ ಕಾಲಲ್ಲಿ ಜಿಗಿಯುವುದು), 10 ಮೀಟರ್ ಓಡುವುದು, ಹೀಗೆ. ಬರಿಗಾಲಲ್ಲೇ ಮಾಡಿಸಬೇಕು. 2 ಅಂದರೆ ಬೇರೆ ಮಕ್ಕಳು ಮಾಡುವ ಹಾಗೇ ಮಾಡಿದ. 1 ಅಂದರೆ ತಾನೇ ಮಾಡಿದ, ಆದರೆ ಏನೋ ಒಂದು ಉಪಾಯ ಹೂಡಿ ಮಾಡಿದ. 0 ಅಂದರೆ ಆಗಲಿಲ್ಲ.

ಹಾಳೆಯಲ್ಲಿ ನಾನು ಮೊದಲು ಹುಡುಕುವುದು ಆ 1ಗಳನ್ನು. ನಿಮ್ಮ ಮಗ ನೆಲದಿಂದ ಎದ್ದದ್ದನ್ನೇ ತೆಗೆದುಕೊಳ್ಳಿ. ಬೇರೆ ಮಕ್ಕಳು ಅಂಗಾತ ಮಲಗಿದಲ್ಲಿಂದ ನೇರ ಎದ್ದು ಕೂತು, ಕುಕ್ಕರಗಾಲಿಗೆ ಬಂದು ನಿಂತುಬಿಡುತ್ತಾರೆ. ನಮ್ಮ ಹುಡುಗರು ಮೊದಲು ಬೋರಲಾಗುತ್ತಾರೆ. ಅಂಗೈ ಊರಿ, ಮಂಡಿ ಊರಿ, ಕಾಲು ಅಗಲ ಮಾಡಿ ಸೊಂಟ ಮೇಲೆತ್ತುತ್ತಾರೆ. ಆಮೇಲೆ ಒಂದು ಕೈ ಮಂಡಿ ಮೇಲೆ ಬರುತ್ತದೆ. ತೊಡೆಯನ್ನು ಒತ್ತಿಕೊಂಡು ಆ ಕೈ ಮೇಲೆ ಮೇಲೆ ಸರಿಯುತ್ತದೆ, ಮೈ ನೆಟ್ಟಗಾಗುತ್ತದೆ. ಸೊಂಟ, ತೊಡೆಯ ಸ್ನಾಯು ಮಾಡಬೇಕಾದ ಕೆಲಸವನ್ನು ಕೈಗೆ ವಹಿಸಿದ್ದಾನೆ ಅಂತ ಅರ್ಥ. ಇದಕ್ಕೆ ಗೋವರ್ಸ್ ಲಕ್ಷಣ ಅನ್ನುತ್ತಾರೆ. ವಿಲಿಯಂ ಗೋವರ್ಸ್ 1879ರಲ್ಲೇ ಇದನ್ನು ವಿವರಿಸಿದ್ದರು. ಇವತ್ತಿಗೂ ಒಂದು ಚಾಪೆ ಇದ್ದರೆ ಸಾಕು, ಬೇರೆ ಯಾವ ಯಂತ್ರವೂ ಬೇಡ.

ಹೀಗೆ ಎದ್ದರೆ 1. ಪಕ್ಕದ ಕುರ್ಚಿ ಹಿಡಿದು ಎದ್ದರೆ 0. ಅದಕ್ಕೇ ನಿಮ್ಮನ್ನು ತಡೆದದ್ದು. ನೀವು ಒಂದು ಬೆರಳು ಕೊಟ್ಟಿದ್ದರೂ ಅವನಿಗೆ ನಿಜವಾಗಿ ಎಷ್ಟು ಆಗುತ್ತದೆ ಅಂತ ಗೊತ್ತಾಗುತ್ತಿರಲಿಲ್ಲ. ಆ ಫಿಸಿಯೋ ಅದನ್ನು ಮೊದಲೇ ಕೂತು ಹೇಳಬೇಕಿತ್ತು, ಅದು ಅವರ ತಪ್ಪು. ನಾನು ಈಗ ಟೆಸ್ಟ್ ಶುರುವಾಗುವ ಮುಂಚೆಯೇ ಅಪ್ಪ ಅಮ್ಮಂದಿರ ಕೈಗೆ ಪ್ಯಾಡ್, ಪೆನ್ಸಿಲ್ ಕೊಟ್ಟುಬಿಡುತ್ತೇನೆ, "ನೀವು ಸೆಕೆಂಡ್ ಬರೆದುಕೊಳ್ಳಿ" ಅಂತ. ಕೈಗೆ ಏನಾದರೂ ಕೆಲಸ ಇದ್ದರೆ ತಡೆದುಕೊಳ್ಳುವುದು ಸುಲಭ.

ಸೆಕೆಂಡ್ ಯಾಕೆ ಅಂದರೆ, ಒಂದೇ ಒಂದು ಸಲ ತೊಡೆ ಮುಟ್ಟಿ 4 ಸೆಕೆಂಡಿನಲ್ಲಿ ಎದ್ದವನಿಗೂ 1, ಎರಡೂ ಕೈ ಊರಿ ಏದುಸಿರು ಬಿಟ್ಟು 12 ಸೆಕೆಂಡಿನಲ್ಲಿ ಎದ್ದವನಿಗೂ 1. ಅಂಕದಲ್ಲಿ ಇಬ್ಬರೂ ಒಂದೇ. ಹಾಗಾಗಿ ನೆಲದಿಂದ ಏಳುವ ಸಮಯ, 10 ಮೀಟರ್ ಓಟದ ಸಮಯ ಎರಡನ್ನೂ ಪಕ್ಕದಲ್ಲಿ ಬರೆಯಬೇಕು. ಅಂಕ ಬದಲಾಗುವ ಎಷ್ಟೋ ಮುಂಚೆ ಸೆಕೆಂಡ್ ಬದಲಾಗಿರುತ್ತದೆ. ನಿಮ್ಮ ಹಾಳೆಯಲ್ಲಿ ಅದು ಇದೆಯಾ ನೋಡಿ.

ಮೇಲೆ ಹೋಗಿದ್ದು ಹೇಗೆ ಅಂತ ಕೇಳಿದಿರಲ್ಲ. ಈ ವಯಸ್ಸಿನಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತಿರುತ್ತದೆ. ಒಂದು ಕಡೆ ಸ್ನಾಯು ಸವೆಯುತ್ತಿದೆ. ಇನ್ನೊಂದು ಕಡೆ ಮಗು ಬೆಳೆಯುತ್ತಿದೆ, ಹೊಸದು ಕಲಿಯುತ್ತಿದೆ, ಸ್ಟೀರಾಯ್ಡ್ ಕೂಡ ಕೈ ಹಿಡಿದಿದೆ. ಸುಮಾರು ಆರು, ಏಳು ವರ್ಷದ ತನಕ ಬೆಳವಣಿಗೆಯ ಕೈ ಮೇಲಾಗಿರುತ್ತದೆ, ಆಮೇಲೆ ಸವೆತದ್ದು. ಹಾಗಾಗಿ ಆರೂವರೆಗೆ ಸ್ಕೋರ್ ಏರುವುದು ವಿಚಿತ್ರವೇನಲ್ಲ. ಖುಷಿಪಡಿ, ಧಾರಾಳವಾಗಿ. ಆದರೆ ಕಾಯಿಲೆ ಇಲ್ಲವೇ ಇಲ್ಲ, ರಿಪೋರ್ಟೇ ತಪ್ಪು ಅಂತ ಯಾರಾದರೂ ಹೇಳಿದರೆ ಔಷಧಿ ನಿಲ್ಲಿಸಬೇಡಿ.

ಆರು ನಿಮಿಷದ ನಡಿಗೆಯ 11 ಮೀಟರ್ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ಈ ಮಕ್ಕಳಿಗೆ 25 ಮೀಟರ್ ದೂರದಲ್ಲಿ ಎರಡು ಕೋನ್ ಇಟ್ಟು ಅತ್ತಿಂದಿತ್ತ ನಡೆಸುತ್ತೇವೆ. ಬಿದ್ದರೆ ಹಿಡಿಯಲು ಹಿಂದೆ ಒಬ್ಬರು ಇರುತ್ತಾರೆ. "ಭಲೇ, ಇನ್ನು ಎರಡೇ ನಿಮಿಷ" ಅಂತ ಹುರಿದುಂಬಿಸುತ್ತಲೇ ಇರಬೇಕು. ಇಲ್ಲದಿದ್ದರೆ ಆರು ವರ್ಷದ ಹುಡುಗ ಮೂರನೇ ನಿಮಿಷಕ್ಕೆ ಕಿಟಕಿ ನೋಡುತ್ತಾ ನಿಂತುಬಿಡುತ್ತಾನೆ. ತಿರುಗುವಾಗ ಒಂದೊಂದು ಸಲ ತಡವರಿಸಿದರೂ 11 ಮೀಟರ್ ಹೋಗುತ್ತದೆ. ಸುಮಾರು 30 ಮೀಟರ್ ವ್ಯತ್ಯಾಸ ಬಂದರೆ ನಾವು ಕತ್ತೆತ್ತಿ ನೋಡುತ್ತೇವೆ.

ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಏಳು ವರ್ಷದ ಹುಡುಗ. ಬೆಳಿಗ್ಗೆ ರಕ್ತ ತೆಗೆದಿದ್ದರು, ಮಧ್ಯಾಹ್ನ ಹಾರ್ಟ್ ಸ್ಕ್ಯಾನಿಗೆ ಸಾಲಲ್ಲಿ ಕೂತಿದ್ದ. ಸಂಜೆ ನಾಲ್ಕಕ್ಕೆ ನನ್ನ ಹತ್ತಿರ ಬಂದ. ನಾನು ಹಿಂದುಮುಂದು ನೋಡದೆ ಟೆಸ್ಟ್ ಮಾಡಿದೆ. 4 ಅಂಕ ಕಮ್ಮಿ ಬಂತು. ಅವನ ಎದುರಿಗೇ "ಇಳಿದಿದೆ" ಅಂದುಬಿಟ್ಟೆ. ಅವನು ಸಾಕ್ಸ್ ಹಾಕಿಕೊಳ್ಳುತ್ತಾ "ಅಂದ್ರೆ ನಾನು ಫೇಲಾ?" ಅಂದ. ಹತ್ತು ದಿನ ಬಿಟ್ಟು ಬೆಳಿಗ್ಗೆ ಹೊತ್ತು ಕರೆಸಿ ಮತ್ತೆ ನೋಡಿದೆ. ಕಳೆದುಹೋಗಿದ್ದ 4ರಲ್ಲಿ 3 ವಾಪಸ್ ಬಂದಿತ್ತು. ಅಂದಿನಿಂದ ಎರಡು ನಿಯಮ. ಸೂಜಿ ಚುಚ್ಚುವ ದಿನ ಈ ಟೆಸ್ಟ್ ಇಲ್ಲ. ಅಂಕದ ಮಾತು ಮಗು ಹೊರಗೆ ಆಡಲು ಹೋದ ಮೇಲೆ. ಆದಷ್ಟೂ ಅದೇ ಹೊತ್ತು, ಅದೇ ಕೋಣೆ, ಅದೇ ಫಿಸಿಯೋ ಇರಲಿ ಅಂತ ನೀವೂ ಕೇಳಬಹುದು. ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನು ಗೋಡೆ ಮೇಲಿನ ಟೈಮ್‌ಟೇಬಲ್. ಅದನ್ನು ಇವತ್ತೇ ತೆಗೆಯಿರಿ. ಯಜಮಾನರಿಗೆ ಬೇಜಾರಾದರೆ ನನ್ನ ಹೆಸರು ಹೇಳಿ. ಇದು ಪರೀಕ್ಷೆ ಅಲ್ಲ, ತೂಕದ ಯಂತ್ರ ಇದ್ದ ಹಾಗೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಡಿಸ್ಟ್ರೋಫಿನ್ ಅನ್ನುವ ಪ್ರೋಟೀನ್ ಸ್ನಾಯುವಿನ ಎಳೆಗೆ ಏಟು ತಡೆಯುವ ಶಕ್ತಿ ಕೊಡುತ್ತದೆ. ಈ ಮಕ್ಕಳಲ್ಲಿ ಅದೇ ಇಲ್ಲ. ಸ್ನಾಯು ಬಿಗಿಯಾಗಿ ಕೆಲಸ ಮಾಡುತ್ತಲೇ ಉದ್ದವಾಗುವಾಗ ಹೆಚ್ಚು ಹರಿಯುತ್ತದೆ. ಮೆಟ್ಟಿಲು ಇಳಿಯುವಾಗ, ಜಿಗಿದು ನೆಲ ಮುಟ್ಟುವಾಗ ಆಗುವುದು ಅದೇ. ದಿನಾ ಇಪ್ಪತ್ತು ಸಲ ಮೆಟ್ಟಿಲು ಇಳಿಸಿದರೆ ಒಳ್ಳೆಯದು ಮಾಡುತ್ತಿದ್ದೇವೆ ಅಂದುಕೊಂಡು ಸ್ನಾಯುವನ್ನೇ ಹರಿದ ಹಾಗೆ. ತೂಕ ಎತ್ತಿಸುವುದೂ ಬೇಡ. ಆಟ ಆಡಲಿ, ಸುಸ್ತಾದಾಗ ಕೂರಲಿ. ನೀರಲ್ಲಿ ಈಜಿದರೆ ಬಹಳ ಒಳ್ಳೆಯದು. ಮಾರನೇ ದಿನ ಕಾಲು ನೋವು ಅಂದರೆ ಹಿಂದಿನ ದಿನ ಜಾಸ್ತಿ ಆಯಿತು ಅಂತ ತಿಳಿಯಿರಿ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.

ಒಂದು ಕೆಲಸ ಮಾಡಿ. ಹಳೆ ಹಾಳೆ, ಹೊಸ ಹಾಳೆ ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವ ಸಾಲು ಬದಲಾಗಿದೆ ಅಂತ ಇಲ್ಲಿ ಬರೆಯಿರಿ. ಬರೀ 26 ನೋಡಿದರೆ ನನಗೆ ಏನೂ ಗೊತ್ತಾಗುವುದಿಲ್ಲ.

ಜಾಯ್‌ಸ್ಟಿಕ್ ಅಪ್ಪ:

ಅಕ್ಕ ಎಲ್ಲ ಹೇಳಿದ್ದಾರೆ. ನನ್ನದು ಸ್ವಲ್ಪ ಮುಂದಿನ ಕಥೆ. ಕೆಂಪು ಸೈಕಲ್ ಅವರು ಈಗಲೇ ಓದಬೇಕು ಅಂತೇನಿಲ್ಲ, ಬೇಕಾದಾಗ ಓದಿ.

ನನ್ನ ಮಗನಿಗೆ ಹದಿಮೂರು. ಹನ್ನೊಂದಕ್ಕೆ ನಡಿಗೆ ನಿಂತಿತು. ಕೊನೆ ವರ್ಷ ನಾರ್ತ್ ಸ್ಟಾರ್ ಹಾಳೆ 9, ಆಮೇಲೆ 5, ಆಮೇಲೆ ಇನ್ನು ಬೇಡ ಅಂದರು. ನನಗೆ ಸಿಟ್ಟು ಬಂದಿತ್ತು. ಅಳೆಯುವುದನ್ನೇ ಬಿಟ್ಟರಲ್ಲ, ಕೈಬಿಟ್ಟರು ಅಂತಲೇ ಅನಿಸಿತು.

ಆದರೆ ಮುಂದಿನ ಸಲ ಹೋದಾಗ ಮೇಜಿನ ಮೇಲೆ ಡಬ್ಬಿ, ನಾಣ್ಯ, ಸಣ್ಣ ತೂಕದ ಬಟ್ಟು, ಕಾಗದ ಎಲ್ಲ ಜೋಡಿಸಿಟ್ಟಿದ್ದರು. ಪಿಯುಎಲ್ ಅಂತ ಅದರ ಹೆಸರು, ಕೈಗಳ ಅಳತೆ. ಭುಜಕ್ಕೆ 12, ಮೊಣಕೈಗೆ 17, ಮಣಿಕಟ್ಟು ಬೆರಳಿಗೆ 13, ಒಟ್ಟು 42. ಕಾಗದ ಹರಿಯುವುದು, ಡಬ್ಬಿ ಮೇಲೆ ಡಬ್ಬಿ ಪೇರಿಸುವುದು, ನಾಣ್ಯ ಹೆಕ್ಕುವುದು. ಮಗನಿಗೆ ಆಟದ ಹಾಗಿತ್ತು. ಭಾರದ ಡಬ್ಬಿ ಬಂದಾಗ ಕೈ ಏಳಲಿಲ್ಲ. ಮೊಣಕೈಯನ್ನು ಮೇಜಿಗೆ ಊರಿ, ಮೈಯನ್ನು ಒಂದು ಪಕ್ಕಕ್ಕೆ ವಾಲಿಸಿ ಹೇಗೋ ಪೇರಿಸಿಬಿಟ್ಟ. ಉಪಾಯ ಮಾಡಿದ, ಅಂಕ ಹೋಯಿತು ಅಂದುಕೊಂಡೆ. ಇಲ್ಲ, ಈಗಿನ 2.0 ಹಾಳೆಯಲ್ಲಿ ಉಪಾಯ ಮಾಡಿದರೂ ಪರವಾಗಿಲ್ಲವಂತೆ. ಕೆಲಸ ಆಯಿತಾ ಅಂತ ನೋಡುತ್ತಾರೆ. 29 ಬಂತು.

ಅವತ್ತು ಒಂದು ಉಪಯೋಗವೂ ಆಯಿತು. ಬೆರಳು ಗಟ್ಟಿ ಇದೆ, ಭುಜ ಸೋತಿದೆ ಅಂತ ಹಾಳೆಯಲ್ಲಿ ಸ್ಪಷ್ಟ ಕಂಡಿತು. ಗಾಲಿಕುರ್ಚಿಯ ಜಾಯ್‌ಸ್ಟಿಕ್ ಅವನಿಗೆ ದೂರ ಆಗಿತ್ತು, ಕೈ ಚಾಚಿ ಚಾಚಿ ಸುಸ್ತಾಗುತ್ತಿದ್ದ. ಅದನ್ನು ನಾಲ್ಕು ಬೆರಳಗಲ ಹತ್ತಿರಕ್ಕೆ ತಂದರು, ಮೊಣಕೈಗೆ ಒಂದು ಆಸರೆ ಹಾಕಿದರು. ಈಗ ಇಡೀ ದಿನ ಅವನೇ ಓಡಿಸುತ್ತಾನೆ. ನನ್ನ ಕಾಲ ಮೇಲೆ ಎರಡು ಸಲ ಹತ್ತಿಸಿದ್ದಾನೆ.

ಕೆಂಪು ಸೈಕಲ್:

ಅಕ್ಕ, ಟೈಮ್‌ಟೇಬಲ್ ತೆಗೆದೆವು. ಅದರ ಹಿಂದೆ ಮಗ ಡೈನೋಸಾರ್ ಬರೆದಿದ್ದಾನೆ.

ಜಾಯ್‌ಸ್ಟಿಕ್ ಅಪ್ಪ ಅವರೇ, ಓದಿದೆ. ಒಂದು ಸಲ ಅತ್ತೆ, ಆಮೇಲೆ ಕಾಲ ಮೇಲೆ ಹತ್ತಿಸಿದ್ದು ಓದಿ ನಕ್ಕೆ. ಥ್ಯಾಂಕ್ಸ್.

ಎರಡೂ ಹಾಳೆ ಪಕ್ಕಪಕ್ಕ ಇಟ್ಟು ನೋಡಿದೆ. ಜಿಗಿಯುವುದು 1 ಇತ್ತು, ಈಗ 2. ಬಲಗಾಲಲ್ಲಿ ಕುಂಟುವುದು 0 ಇತ್ತು, ಈಗ 1. ಎಡಗಾಲೂ ಹಾಗೇ. ಅಲ್ಲಿಗೆ 3 ಏರಿತು. ಆದರೆ ಒಟ್ಟು ಏರಿರುವುದು 2 ಮಾತ್ರ! ಮತ್ತೆ ಹುಡುಕಿದೆ. ಹಿಮ್ಮಡಿ ಮೇಲೆ ನಿಲ್ಲುವುದು 1 ಇದ್ದದ್ದು 0 ಆಗಿದೆ. ಇದನ್ನು ಯಾರೂ ಹೇಳಲಿಲ್ಲ. ನೆಲದಿಂದ ಏಳುವುದು 5.2 ಸೆಕೆಂಡ್ ಇತ್ತು, ಈಗ 5.0. ಓಟ 6.4 ಇತ್ತು, ಈಗ 6.3.

ಈಚೆಗೆ ಮನೆಯಲ್ಲಿ ತುದಿಗಾಲಲ್ಲಿ ಜಾಸ್ತಿ ನಡೆಯುತ್ತಿದ್ದಾನೆ. ನಾನು "ಹಿಮ್ಮಡಿ ಊರು" ಅಂತ ದಿನಾ ಬೈಯುತ್ತೇನೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಸ್ಟಾಪ್‌ವಾಚ್ ಅಕ್ಕ:

ಇದೆ. ನೀವೇ ಹುಡುಕಿಬಿಟ್ಟಿರಿ.

ಜಿಗಿತ, ಕುಂಟುವಿಕೆ ಬಂದಿರುವುದು ನಿಜವಾದ ಗಳಿಕೆ. ಏಳುವ, ಓಡುವ ಸಮಯವೂ ಕೆಟ್ಟಿಲ್ಲ. ಕುಂಟುವುದಕ್ಕೆ 1 ಅಂದರೆ ಮಂಡಿ ಬಗ್ಗಿಸಿ ಹಿಮ್ಮಡಿ ಎತ್ತಿದ, ಆದರೆ ಪಾದ ಪೂರ್ತಿ ನೆಲ ಬಿಡಲಿಲ್ಲ. ಅಷ್ಟಾದರೂ ಈ ಕಾಯಿಲೆಯಲ್ಲಿ ಸಣ್ಣದಲ್ಲ.

ಹಿಮ್ಮಡಿ ಮೇಲೆ ನಿಲ್ಲಬೇಕಾದರೆ ಪಾದದ ಮುಂಭಾಗವನ್ನು ಮೇಲಕ್ಕೆ ಎತ್ತಬೇಕು. ಎತ್ತುವ ಸ್ನಾಯು ಸೋತಿದ್ದರೂ ಆಗುವುದಿಲ್ಲ, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಬಿಗಿದುಕೊಂಡಿದ್ದರೂ ಆಗುವುದಿಲ್ಲ. ತುದಿಗಾಲ ನಡಿಗೆಯೂ ಶುರುವಾಗಿದೆ ಅಂದರೆ ನನಗೆ ಮೊದಲು ಅನುಮಾನ ಬರುವುದು ಬಿಗಿತದ ಮೇಲೆ. ಅಂಕದಿಂದ ಅದನ್ನು ಹೇಳಲಾಗದು. ಗೋನಿಯೋಮೀಟರ್ ಅಂತ ಒಂದು ಪುಟ್ಟ ಕೋನಮಾಪಕ ಇದೆ. ಮಂಡಿ ನೆಟ್ಟಗಿಟ್ಟು, ಪಾದ ಎಷ್ಟು ಮೇಲೆ ಬರುತ್ತದೆ ಅಂತ ಅದರಲ್ಲಿ ಅಳೆಯಬೇಕು. ಎರಡು ನಿಮಿಷದ ಕೆಲಸ.

ಬೈಯುವುದು ಬಿಡಿ. ತುದಿಗಾಲಲ್ಲಿ ನಿಂತಾಗ ಮೈಭಾರ ಮಂಡಿಯ ಮುಂದಕ್ಕೆ ಬೀಳುತ್ತದೆ, ಮಂಡಿ ಮಡಚಿಕೊಳ್ಳುವುದಿಲ್ಲ. ಹೊಟ್ಟೆ ಮುಂದೆ ಚಾಚಿ ಬೆನ್ನು ಹಿಂದೆ ಬಾಗಿಸುತ್ತಾನಲ್ಲ, ಅದೂ ಸೊಂಟ ಕುಸಿಯದಿರಲಿ ಅಂತ. ತೊಡೆ ಸೋತ ಹುಡುಗ ಬೀಳದೆ ನಡೆಯಲು ಕಂಡುಕೊಂಡ ದಾರಿ ಅದು. ಹಗಲು ಹೊತ್ತಿನಲ್ಲಿ ಬಲವಂತವಾಗಿ ಹಿಮ್ಮಡಿ ಊರಿಸಿದರೆ ಮಂಡಿ ಕುಸಿದು ಬೀಳಬಹುದು. ಬದಲು ರಾತ್ರಿ ಮಲಗುವಾಗ ಪಾದಕ್ಕೆ ಹಾಕುವ ಸ್ಪ್ಲಿಂಟ್ (ಆಸರೆ ಪಟ್ಟಿ) ಬಗ್ಗೆ ಕೇಳಿ. ದಿನಾ ನಿಧಾನವಾಗಿ ಹಿಮ್ಮಡಿ ಎಳೆತ ಕೊಡುವುದನ್ನು ನಿಮ್ಮ ಫಿಸಿಯೋ ಎದುರಿಗೇ ಕಲಿಯಿರಿ, ವಿಡಿಯೋ ನೋಡಿ ಮಾಡಬೇಡಿ. ನೋವಾಗಬಾರದು, ಹಿಗ್ಗಿದ ಹಾಗೆ ಅನಿಸಬೇಕು ಅಷ್ಟೇ.

ಆರು ತಿಂಗಳು ಕಾಯಬೇಡಿ. ಈ ವಾರವೇ ಫೋನ್ ಮಾಡಿ "ಹಿಮ್ಮಡಿ ಸಾಲು 1ರಿಂದ 0 ಆಗಿದೆ, ಪಾದದ ಕೋನ ಅಳೆಯಬೇಕು" ಅಂತ ಇಷ್ಟೇ ಹೇಳಿ. ಜೊತೆಗೆ ಒಂದು ವಿಡಿಯೋ ಒಯ್ಯಿರಿ. ಬರಿಗಾಲು, ಚಡ್ಡಿ, ಮೊಬೈಲನ್ನು ಅವನ ಸೊಂಟದ ಎತ್ತರಕ್ಕೆ ಇಟ್ಟು ಪಕ್ಕದಿಂದ ತೆಗೆಯಿರಿ. ಹತ್ತು ಹೆಜ್ಜೆ ನಡೆಯಲಿ, ನೆಲದಿಂದ ಒಂದು ಸಲ ಏಳಲಿ. ಚೆನ್ನಾಗಿ ಬರಲಿ ಅಂತ ಮತ್ತೆ ಮತ್ತೆ ಮಾಡಿಸಬೇಡಿ.

ಕೆಂಪು ಸೈಕಲ್:

ಫೋನ್ ಮಾಡಿದೆ. ಗುರುವಾರ ಬೆಳಿಗ್ಗೆ ಬನ್ನಿ ಅಂದಿದ್ದಾರೆ. ಅವತ್ತು ಸೂಜಿ ಏನೂ ಇಲ್ಲ ತಾನೇ ಅಂತ ಮೊದಲೇ ಕೇಳಿಕೊಂಡೆ.

ವಿಡಿಯೋ ತೆಗೆದಾಯಿತು. ಎದ್ದು ನಿಂತ ಮೇಲೆ ಕ್ಯಾಮೆರಾ ಕಡೆ ತಿರುಗಿ "ಎಷ್ಟು ಸೆಕೆಂಡ್?" ಅಂದ.